ಒಂದೇ ಚಿತ್ರದ ಎರಡು ಬಾಟಲಿ: ಮಗುವಿನ ನೆಗಡಿ ಜ್ವರದ ಒಂದು ಪ್ರಕರಣ

ಮಗುವಿಗೆ 22 ತಿಂಗಳು, ತೂಕ 11 ಕಿಲೋ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, 5 ವರ್ಷದ ಅಕ್ಕ. ಬಂದದ್ದು ನೆಗಡಿ, ಅದರ ಬೆನ್ನಿಗೆ ಮೂರು ದಿನದ ಜ್ವರ. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಮಾಮೂಲು, ಅಂಥವುಗಳಲ್ಲಿ ಇದೂ ಒಂದು. ಆದರೂ ಮೊದಲ ರಾತ್ರಿ, ಏಳೂವರೆ ತಾಸುಗಳ ಅವಧಿಯಲ್ಲಿ, ಇಡೀ ದಿನಕ್ಕೆ ಕೊಡಬಹುದಾದುದಕ್ಕಿಂತ ಹೆಚ್ಚು ಪ್ಯಾರಾಸಿಟಮಾಲ್ ಮಗುವಿನ ಹೊಟ್ಟೆ ಸೇರಿತು. ಮನೆಯ ಮೂವರು ದೊಡ್ಡವರೂ ಎಚ್ಚರದಿಂದಲೇ ಇದ್ದರು. ಹಾಗಿದ್ದೂ ಅದು ಹೇಗಾಯಿತು ಎನ್ನುವುದೇ ಇಲ್ಲಿನ ವಿಷಯ.

ಹಲವು ಮನೆಗಳಲ್ಲಿ ಬಿಡಿಬಿಡಿಯಾಗಿ ಆಗುವುದನ್ನು ಇಲ್ಲಿ ಒಂದೇ ಮನೆಯೊಳಗೆ ಕೂಡಿಸಿ ಬರೆದಿದೆ. ತೂಕ, ಅಳತೆ, ಸಮಯದ ಲೆಕ್ಕಗಳು ಮಾತ್ರ ಯಾವ ಮನೆಗೂ ಹೊಂದುವಂಥವು.

ಮೊದಲ ಸಂಜೆ

ಸಂಜೆ 6ಕ್ಕೆ ಮೂಗು ಸೋರತೊಡಗಿತು. ಊಟ ಬೇಡವೆಂದು ಮುಖ ತಿರುಗಿಸಿತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 101.1 ಡಿಗ್ರಿ ಫ್ಯಾರನ್‌ಹೀಟ್. ಮಗು ಮಾತ್ರ ಆಟ ಬಿಟ್ಟಿರಲಿಲ್ಲ. ನೀರು ಕೊಟ್ಟರೆ ಕುಡಿಯುತ್ತಿತ್ತು, ಅಕ್ಕನ ಪೆನ್ಸಿಲ್ ಕಸಿಯಲು ಹೋಗುತ್ತಿತ್ತು.

100.4 ಡಿಗ್ರಿಯಿಂದ ಮೇಲಿದ್ದರೆ ಜ್ವರ ಎಂದು ಲೆಕ್ಕ. ಆದರೆ ಜ್ವರ ಇದೆ ಎಂದ ಮಾತ್ರಕ್ಕೆ ಸಿರಪ್ ಕೊಡಲೇಬೇಕೆಂದಿಲ್ಲ. ಪ್ಯಾರಾಸಿಟಮಾಲ್ ಇರುವುದು ಮಗುವಿನ ಸಂಕಟ ಇಳಿಸಲು. ಅದು ನೆಗಡಿಯ ವೈರಸ್ಸನ್ನು ಕೊಲ್ಲುವುದಿಲ್ಲ, ಕಾಯಿಲೆಯ ದಿನಗಳನ್ನೂ ಕಡಿಮೆ ಮಾಡುವುದಿಲ್ಲ. ಆಡುತ್ತಿರುವ ಮಗುವಿಗೆ 101 ಇದ್ದರೂ ಕಾಯಬಹುದು; ನರಳುತ್ತಾ, ಕುಡಿಯದೆ, ನಿದ್ದೆ ಬಾರದೆ ಒದ್ದಾಡುವ ಮಗುವಿಗೆ 100.6 ಇದ್ದರೂ ಕೊಡಬಹುದು. (ಮೂರು ತಿಂಗಳೊಳಗಿನ ಕೂಸಿಗೆ ಈ ಮಾತು ಅನ್ವಯಿಸದು. ಅಲ್ಲಿ 100.4 ಕಂಡ ಕೂಡಲೇ ವೈದ್ಯರ ಬಳಿ ಹೋಗಬೇಕು.)

ರಾತ್ರಿ 8.30ಕ್ಕೆ ಮಗು ಕಿರಿಕಿರಿ ಶುರುಮಾಡಿದಾಗ ಅಮ್ಮ ಸಿರಪ್ಪಿನ ಬಾಟಲಿ ತೆಗೆದರು. ಅದರ ಮೇಲಿದ್ದದ್ದು 5 ಮಿ.ಲೀ.ಗೆ 125 ಮಿ.ಗ್ರಾಂ. ಒಂದು ಸಲದ ಪ್ರಮಾಣ ತೂಕದ ಪ್ರತಿ ಕಿಲೋಗೆ 15 ಮಿ.ಗ್ರಾಂ, ಅಂದರೆ 11 ಕಿಲೋಗೆ 165. ಬಾಟಲಿಯ ಮುಚ್ಚಳದ ಅಳತೆ ಕಪ್ಪಿನಲ್ಲಿ 6.5 ಮಿ.ಲೀ. ಕೊಟ್ಟರು: 162.5 ಮಿ.ಗ್ರಾಂ. ಲೆಕ್ಕ ಸರಿಯಾಗಿತ್ತು. ಅಲ್ಲಿಗೆ ಆ ಬಾಟಲಿ ಖಾಲಿಯಾಯಿತು.

ಮಲಗುವ ಮುಂಚೆ ಅಮ್ಮ ಹೇಳಿದ್ದು ಇಷ್ಟೇ: "ರೀ, ರಾತ್ರಿ ಮತ್ತೆ ಜ್ವರ ಬಂದ್ರೆ ಆರೂವರೆ ಕೊಡಿ." ಮುಂದಿನದ್ದೆಲ್ಲ ಹುಟ್ಟಿದ್ದು ಈ ಮಾತಿನಿಂದ. ಆರೂವರೆ ಎಂಬ ಅಂಕೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು, ಯಾವ ಬಾಟಲಿಯ ಆರೂವರೆ ಎಂಬುದು ಹಿಂದೆಯೇ ಉಳಿಯಿತು.

ರಾತ್ರಿ ಒಂದು, ಬೆಳಗಿನ ಜಾವ ನಾಲ್ಕು

ರಾತ್ರಿ 1ಕ್ಕೆ ಮಗು ಅಳುತ್ತಾ ಎದ್ದಿತು. 102.6 ಡಿಗ್ರಿ. ಅಪ್ಪ ಕಪಾಟು ತೆರೆದರೆ ಹಳೇ ಬಾಟಲಿ ಖಾಲಿ, ಪಕ್ಕದಲ್ಲೇ ಒಡೆಯದ 60 ಮಿ.ಲೀ. ಬಾಟಲಿ. ಅದೇ ಹೆಸರು, ಅದೇ ಬಣ್ಣ, ಪೆಟ್ಟಿಗೆಯ ಮೇಲೆ ಅದೇ ಚಿತ್ರ. ಅದನ್ನು ತಂದಿಟ್ಟದ್ದು ಅಕ್ಕನಿಗೆಂದು. ಅದರಲ್ಲಿದ್ದದ್ದು 5 ಮಿ.ಲೀ.ಗೆ 250 ಮಿ.ಗ್ರಾಂ. ಕತ್ತಲೆ, ಒಂದು ಕೈಯಲ್ಲಿ ಅಳುವ ಮಗು, ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರ. ಅಪ್ಪ ಹೇಳಿದಂತೆಯೇ 6.5 ಮಿ.ಲೀ. ಕುಡಿಸಿದರು. ಹೋದದ್ದು 325 ಮಿ.ಗ್ರಾಂ, ಕಿಲೋಗೆ 29.5. ಬೇಕಾದುದರ ಸರಿಸುಮಾರು ಎರಡು ಪಟ್ಟು.

4 ಗಂಟೆಗೆ ಅಜ್ಜಿಗೆ ಎಚ್ಚರವಾಯಿತು. ಹಣೆ ಮುಟ್ಟಿ ನೋಡಿದರು, ಬಿಸಿ. ಮಗು ಹೊದಿಕೆಯೊಳಗೆ ಹುದುಗಿಕೊಂಡಿತ್ತು. ಹೊದಿಕೆಯಡಿ ಇರುವ ಯಾವ ಮಗುವಿನ ಹಣೆಯೂ ಬೆಚ್ಚಗೇ ಇರುತ್ತದೆ, ಜ್ವರ ಇಳಿದಿದ್ದರೂ. ಥರ್ಮಾಮೀಟರ್ ಹುಡುಕಲು ದೀಪ ಹಾಕಬೇಕಿತ್ತು, ಎಲ್ಲರೂ ಏಳುತ್ತಿದ್ದರು. ಸೊಸೆ ಕಪ್ಪಿನಲ್ಲಿ ಎಲ್ಲಿಯವರೆಗೆ ತುಂಬಿಸಿದ್ದಳೆಂದು ಸಂಜೆ ನೋಡಿದ್ದರು. ಮೇಲೇ ಇದ್ದ ಹೊಸ ಬಾಟಲಿಯಿಂದ ಅಷ್ಟೇ ಹಾಕಿ ಕುಡಿಸಿ ಮಲಗಿಸಿದರು. ಮೂರು ಗಂಟೆ ಮೊದಲು ಮಗ ಕೊಟ್ಟಿದ್ದು ಅವರಿಗೆ ಗೊತ್ತಿರಲಿಲ್ಲ.

ಎರಡು ಡೋಸುಗಳ ನಡುವೆ ಕನಿಷ್ಠ 4 ಗಂಟೆ, ಸಾಧ್ಯವಿದ್ದರೆ 6 ಗಂಟೆ ಬಿಡಬೇಕು. 24 ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು. ಇವೆರಡು ನಿಯಮ ಮೂವರಿಗೂ ತಿಳಿದಿತ್ತು. ನಿಯಮ ಪಾಲಿಸಬೇಕಾದರೆ ಹಿಂದಿನ ಡೋಸು ಎಷ್ಟು ಹೊತ್ತಿಗೆ ಬಿತ್ತೆಂದು ಗೊತ್ತಿರಬೇಕು, ಅದು ಮಾತ್ರ ಆ ಮನೆಯಲ್ಲಿ ಯಾವ ಒಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ.

ಬಾಟಲಿಯನ್ನು ಬೆಳಕಿಗೆ ಹಿಡಿದಾಗ

ಬೆಳಿಗ್ಗೆ 7ಕ್ಕೆ ಜ್ವರ 99.8. ಅಮ್ಮ ಮುಂದಿನ ಡೋಸಿಗೆಂದು ಹೊಸ ಬಾಟಲಿ ಎತ್ತಿಕೊಂಡವರು ಅದರ ಮೇಲಿನ 250 ನೋಡಿದರು. ಗಂಡನನ್ನು ಕೇಳಿದರೆ ಒಂದು ಸಲ ಕೊಟ್ಟೆ ಎಂದರು. ಬಾಟಲಿ ನೋಡಿದರೆ ಒಂದು ಸಲಕ್ಕಿಂತ ಹೆಚ್ಚೇ ಇಳಿದಿತ್ತು. ಆಮೇಲೆ ಅಜ್ಜಿಯ ಮಾತು: "ಇಬ್ಬರೂ ಸುಸ್ತಾಗಿದ್ರಿ, ಎಬ್ಬಿಸೋದು ಬೇಡ ಅಂತ ನಾನೇ ಕೊಟ್ಟೆ ಕಣಮ್ಮ."

ಇಲ್ಲಿ ಅಮ್ಮ ಮಾಡಿದ ಕೆಲಸ ಗಮನಿಸುವಂಥದ್ದು. ಯಾರು ಎಷ್ಟು ಕೊಟ್ಟರೆಂಬ ನೆನಪನ್ನು ನಂಬಲಿಲ್ಲ. ಉಳಿದ ಸಿರಪ್ಪನ್ನು ಸಿರಿಂಜಿನಲ್ಲಿ ಎಳೆದೆಳೆದು ಅಳೆದರು: 47 ಮಿ.ಲೀ. ಹೋಗಿದ್ದು 13. ಮಿ.ಲೀ.ಗೆ 50ರಂತೆ 650 ಮಿ.ಗ್ರಾಂ, ಸಂಜೆಯ 162.5 ಸೇರಿ 812.5. ತೂಕದಿಂದ ಭಾಗಿಸಿದರೆ ಕಿಲೋಗೆ 73.9. ನಾಲ್ಕು ಡೋಸಿನ ದಿನದ ಮಿತಿ ಕಿಲೋಗೆ 60. ಏಳು ಗಂಟೆಯ ಆ ಡೋಸೂ ಬಿದ್ದಿದ್ದರೆ ಅಂಕೆ ನೂರು ದಾಟುತ್ತಿತ್ತು.

ಕೂಡಲೇ ವೈದ್ಯರಿಗೆ ಫೋನ್. "ಜಾಸ್ತಿ ಕೊಟ್ಟುಬಿಟ್ಟಿದ್ದೇವೆ" ಎಂಬ ಮಾತಿನಿಂದ ಯಾವ ವೈದ್ಯರಿಗೂ ಏನೂ ತಿಳಿಯುವುದಿಲ್ಲ. ತೂಕ, ಒಟ್ಟು ಮಿಲಿಗ್ರಾಂ, ಮೂರು ಡೋಸಿನ ಸಮಯ, ಬಾಟಲಿಯ ಮೇಲಿನ ಬರಹ, ಇವಿಷ್ಟನ್ನು ಓದಿ ಹೇಳಿದ್ದರಿಂದ ಎರಡು ನಿಮಿಷದಲ್ಲಿ ತೀರ್ಮಾನವಾಯಿತು. ವೈದ್ಯರು ತಿರುಗಿ ಕೇಳಿದ್ದು ಮೂರು: ಯಕೃತ್ತಿನ ಕಾಯಿಲೆ ಇದೆಯೇ, ಮಗು ಕುಡಿಯುತ್ತಿದೆಯೇ, ಬೇರೆ ಯಾವುದಾದರೂ ನೆಗಡಿ ಸಿರಪ್ ಹಾಕಿದ್ದೀರಾ. ಕೊನೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ನೆಗಡಿಯ ಮಿಶ್ರ ಸಿರಪ್ಪುಗಳು ಹಲವದರಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ಹೆಸರು ಬೇರೆ ಇದ್ದುದರಿಂದ ಲೆಕ್ಕಕ್ಕೆ ಸಿಗುವುದಿಲ್ಲ. ಕಪಾಟಿನಲ್ಲಿ ಅಕ್ಕನ ಹಳೇ ಬಾಟಲಿ ಒಂದು ಅಂಥದ್ದೇ ಇತ್ತು, ಅದೃಷ್ಟಕ್ಕೆ ಯಾರೂ ಮುಟ್ಟಿರಲಿಲ್ಲ.

ಆರೋಗ್ಯವಾಗಿರುವ ಮಗುವಿನಲ್ಲಿ ಒಂದೇ ಸಲಕ್ಕೆ ಕಿಲೋಗೆ 150 ಮಿ.ಗ್ರಾಂ ದಾಟಿದರೆ ಯಕೃತ್ತಿಗೆ ಪೆಟ್ಟಾಗುವ ಭಯ. ಈ ಮಗು ಅದರಿಂದ ದೂರವಿತ್ತು. ಆದರೆ ಮಿತಿ ಮೀರಿದ ಡೋಸುಗಳು ಎರಡು ಮೂರು ದಿನ ಒಂದರ ಮೇಲೊಂದು ಬೀಳುತ್ತಾ ಹೋದರೆ, ಅದರಲ್ಲೂ ಊಟ ಬಿಟ್ಟ ಮಗುವಿಗೆ, ಕಡಿಮೆ ಪ್ರಮಾಣದಲ್ಲೇ ತೊಂದರೆಯಾಗಬಹುದು. ಇನ್ನೊಂದು ಕಪಟ: ನಿಜವಾಗಿಯೂ ವಿಷವಾಗುವಷ್ಟು ಹೋಗಿದ್ದರೂ ಮೊದಲ ದಿನ ಮಗು ಚೆನ್ನಾಗಿಯೇ ಕಾಣಬಹುದು, ಆ ವಿಷ ಇಳಿಸಲು ಕೊಡುವ ಮದ್ದು ಚೆನ್ನಾಗಿ ಕೆಲಸ ಮಾಡುವುದು ಮಾತ್ರ ಮೊದಲ 8 ಗಂಟೆಯೊಳಗೆ. ಆದ್ದರಿಂದ ಲಕ್ಷಣ ಕಂಡ ಮೇಲೆ ಫೋನ್ ಮಾಡೋಣವೆಂದು ಕೂರುವಂತಿಲ್ಲ.

ತೀರ್ಮಾನ: ಕೊನೆಯ ಡೋಸಿನಿಂದ 24 ಗಂಟೆ ಪ್ಯಾರಾಸಿಟಮಾಲ್ ಇಲ್ಲ. ಪದೇ ಪದೇ ವಾಂತಿ, ಮಂಪರು, ಹೊಟ್ಟೆನೋವು ಕಂಡರೆ ತಕ್ಷಣ ಆಸ್ಪತ್ರೆಗೆ. ಬದಲಿಗೆ ಐಬುಪ್ರೊಫೆನ್ ಕೊಡಬಹುದೇ ಎಂದು ಅಪ್ಪ ಕೇಳಿದರು. ಸರಿಯಾಗಿ ಕುಡಿಯದ ಮಗುವಿನ ಮೂತ್ರಪಿಂಡಕ್ಕೆ ಅದು ಭಾರ, ಬೇಡ ಎಂದರು. ಆಸ್ಪಿರಿನ್ ಅಂತೂ ಮಕ್ಕಳ ಜ್ವರಕ್ಕೆ ಕೊಡುವ ವಸ್ತುವೇ ಅಲ್ಲ.

ಸಾಂದ್ರತೆ ಎಂಬ ಗುಂಡಿ

ಒಂದೇ ಔಷಧ ಮೂರು ಬಗೆಯಲ್ಲಿ ಮನೆ ಸೇರುತ್ತದೆ. 11 ಕಿಲೋದ ಈ ಮಗುವಿಗೆ 165 ಮಿ.ಗ್ರಾಂ ಬೇಕಾದರೆ, 125ರ ಸಿರಪ್ಪಿನಲ್ಲಿ 6.6 ಮಿ.ಲೀ., 250ರದರಲ್ಲಿ 3.3 ಮಿ.ಲೀ., ಮಿ.ಲೀ.ಗೆ 100 ಮಿ.ಗ್ರಾಂ ಇರುವ ಡ್ರಾಪ್ಸಿನಲ್ಲಿ 1.65 ಮಿ.ಲೀ. ಡ್ರಾಪ್ಸ್ ಕೂಸುಗಳಿಗೆ ತಾನೇ, ಸೌಮ್ಯವಾಗಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇರುವುದು ತಿರುಗಾಮುರುಗಾ. ಕೂಸು ಹೆಚ್ಚು ಕುಡಿಯಲಾರದೆಂದು ಅದನ್ನೇ ಎಲ್ಲಕ್ಕಿಂತ ಗಟ್ಟಿಯಾಗಿ ಮಾಡಿರುತ್ತಾರೆ. ಆ ರಾತ್ರಿ ಕಪಾಟಿನಲ್ಲಿ ಡ್ರಾಪ್ಸ್ ಇದ್ದು ಅದರ ಆರೂವರೆ ಹೋಗಿದ್ದರೆ ಒಂದೇ ಸಲಕ್ಕೆ 650 ಮಿ.ಗ್ರಾಂ.

ಹಾಗಾಗಿ ಬಾಯಿಮಾತಿನಲ್ಲಿ ಮಿ.ಲೀ. ಹೇಳುವುದಾದರೆ ಜೊತೆಗೆ ಬಾಟಲಿಯ ಅಂಕೆಯನ್ನೂ ಹೇಳಬೇಕು: "ಇನ್ನೂರೈವತ್ತರದ್ದು ಮೂರು." ಮೂರು ಎಂದದ್ದು ಬೇಕೆಂದೇ. 3.3 ಎಂಬ ಗೆರೆ ಸಿರಿಂಜಿನಲ್ಲಿ ರಾತ್ರಿ ಹೊತ್ತು ಕಾಣುವುದಿಲ್ಲ. 3 ಮಿ.ಲೀ. ಅಂದರೆ 150 ಮಿ.ಗ್ರಾಂ, ಕಿಲೋಗೆ 13.6. ಪ್ರತಿ ಕಿಲೋಗೆ 10ರಿಂದ 15 ಎಂಬ ವ್ಯಾಪ್ತಿಯೊಳಗೇ ಇದೆ. ಅರ್ಧನಿದ್ದೆಯಲ್ಲಿ ಓದಬಹುದಾದ ಪೂರ್ಣಾಂಕ, ಕಾಗದದ ಮೇಲಿನ ನಿಖರ ದಶಮಾಂಶಕ್ಕಿಂತ ಮೇಲು.

ಅಳತೆ ಕಪ್ಪೂ ಅಷ್ಟಕ್ಕಷ್ಟೇ. ಓರೆ ಹಿಡಿದರೆ, ಮೇಲಿನಿಂದ ನೋಡಿದರೆ ಒಂದು ಮಿ.ಲೀ. ಆಚೀಚೆ ಆಗುತ್ತದೆ. ಅಡುಗೆಮನೆಯ ಚಮಚ ಅದಕ್ಕಿಂತ ಕಡೆ, ಒಂದೊಂದು ಒಂದೊಂದು ಗಾತ್ರ. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಸಾಕು. ನಾಲಿಗೆಯ ಮೇಲೆ ಚಿಮ್ಮಿಸದೆ ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಬೇಕು. ಮಗುವನ್ನು ಒರಗಿಸಿ ಕೂರಿಸಿರಬೇಕು, ಅಂಗಾತ ಮಲಗಿಸಿ ಮೂಗು ಹಿಡಿದು ಸುರಿದರೆ ಉಸಿರುನಾಳಕ್ಕೆ ಹೋದೀತು. ಅದಕ್ಕೂ ಮೊದಲು ಬಾಟಲಿ ಕುಲುಕಬೇಕು. ಔಷಧ ತಳಕ್ಕಿಳಿಯುವ ಜಾತಿಯ ಸಿರಪ್ಪಿದು. ಕುಲುಕದೆ ಕೊಡುತ್ತಾ ಬಂದರೆ ಮೊದಲ ಡೋಸುಗಳು ನೀರು ನೀರು, ಕೊನೆಯವು ಗಟ್ಟಿ.

ಔಷಧವಿಲ್ಲದ ದಿನ

ಎರಡನೇ ದಿನ ಮಧ್ಯಾಹ್ನ 3ಕ್ಕೆ ಜ್ವರ 102.4. ಕೊಡುವಂತಿಲ್ಲ. ಮನೆಯವರಿಗೆ ಅತಿ ಹೆಚ್ಚು ಭಯವಾದದ್ದು ಆ ಹೊತ್ತಿನಲ್ಲೇ, ನೋಡಿದರೆ ಅತಿ ಹೆಚ್ಚು ಕಲಿತದ್ದೂ ಆ ದಿನವೇ.

ಅಜ್ಜಿ ಒದ್ದೆ ಬಟ್ಟೆ ತಂದರು. ಹಣೆಗೆ ಹಾಕಿದಾಗ ಮಗು ಕಿತ್ತೆಸೆಯಿತು, ಹೊಟ್ಟೆಗೆ ಹಾಕಿದಾಗ ನಡುಗಿತು. ಮೈ ನಡುಗುವುದೆಂದರೆ ಒಳಗಿನಿಂದ ಇನ್ನಷ್ಟು ಬಿಸಿ ಹುಟ್ಟಿಸಿಕೊಳ್ಳುವುದು. ಜ್ವರದಲ್ಲಿ ಮಿದುಳೇ ಮೈಯ ಬಿಸಿಯನ್ನು ಮೇಲಕ್ಕೆ ಗುರಿ ಇಟ್ಟಿರುತ್ತದೆ. ಹೊರಗಿನಿಂದ ತಣ್ಣಗೆ ಮಾಡಿದರೆ ಅದು ಗುರಿ ಮುಟ್ಟಲು ಮತ್ತಷ್ಟು ಹೆಣಗುತ್ತದೆ. ಬಟ್ಟೆ ಪಕ್ಕಕ್ಕಿಟ್ಟು, ಒಂದೇ ಪದರದ ತೆಳು ಅಂಗಿ ಹಾಕಿದರು. ಜ್ವರ ಏರುವಾಗ ಅಂಗೈ ಅಂಗಾಲು ತಣ್ಣಗಾಗುತ್ತದೆ, ಅದನ್ನು ಕಂಡು ಎರಡು ಹೊದಿಕೆ ಹೊದಿಸುವುದು ಸಾಮಾನ್ಯ ತಪ್ಪು. ನೋಡಬೇಕಾದ್ದು ಎದೆ ಮತ್ತು ಕತ್ತಿನ ಹಿಂಭಾಗ. ಅಲ್ಲಿ ಬೆವರಿದ್ದರೆ ಹೊದಿಕೆ ತೆಗೆಯಬೇಕು.

ಕುಡಿಸುವುದೇ ಆ ದಿನದ ಮುಖ್ಯ ಕೆಲಸವಾಯಿತು. 11 ಕಿಲೋ ಮಗುವಿಗೆ ಹಾಲು, ನೀರು, ಊಟದೊಳಗಿನ ನೀರು ಎಲ್ಲ ಸೇರಿ ದಿನಕ್ಕೆ ಸುಮಾರು 1 ಲೀಟರ್ ಬೇಕು. ಲೋಟ ಹಿಡಿದು ನಿಂತರೆ ಜ್ವರದ ಮಗು ಕುಡಿಯುವುದಿಲ್ಲ. ಎಚ್ಚರವಿದ್ದಾಗ ಅರ್ಧ ಗಂಟೆಗೊಮ್ಮೆ 30 ಮಿ.ಲೀ. ಕೊಟ್ಟರೆ ಹತ್ತು ಗಂಟೆಯಲ್ಲಿ 600 ಆಗುತ್ತದೆ. ಭೇದಿ ಇಲ್ಲದಿದ್ದರಿಂದ ಓ.ಆರ್.ಎಸ್. ಬೇಕೇಬೇಕೆಂದೇನೂ ಇರಲಿಲ್ಲ. ಘನ ಆಹಾರ ಎರಡು ದಿನ ಕಡಿಮೆಯಾದರೆ ಚಿಂತೆಯಿಲ್ಲ, ಬಲವಂತವಾಗಿ ತುರುಕಿದ್ದು ಹೇಗೂ ವಾಂತಿಯಾಗಿ ಹೊರಬೀಳುತ್ತದೆ.

ಮಗು ಕುಡಿಯದೆ ಹಟ ಮಾಡುತ್ತಿದ್ದುದಕ್ಕೆ ನಿಜವಾದ ಕಾರಣ ಮೂಗು. ಮೂಗು ಕಟ್ಟಿದ್ದರೆ ಬಾಯಲ್ಲಿ ಉಸಿರಾಡಬೇಕು. ಬಾಯಲ್ಲಿ ಹಾಲಿದ್ದರೆ ಉಸಿರು ಎಲ್ಲಿಂದ? ಸಲೈನ್ ಹನಿ ಪ್ರತಿ ಹೊಳ್ಳೆಗೆ 2-3, ಒಂದು ನಿಮಿಷ ಕಾದು ಮೆತ್ತನೆ ಬಟ್ಟೆಯಿಂದ ಒರೆಸುವುದು, ಹತ್ತು ನಿಮಿಷ ಬಿಟ್ಟು ಕುಡಿಸುವುದು. ಕುಡಿದ ಮೇಲೆ ಹಾಕಿದರೆ ಕೆಮ್ಮಿ ಎಲ್ಲ ಹೊರಗೆ ಬರುತ್ತದೆ. ಈ ಒಂದು ಕ್ರಮ ಬದಲಿಸಿದ್ದರಿಂದ ಆದ ಅನುಕೂಲ ಯಾವ ಸಿರಪ್ಪಿನಿಂದಲೂ ಆಗಲಿಲ್ಲ. ನೆಗಡಿ ಕೆಮ್ಮಿನ ಮಿಶ್ರ ಸಿರಪ್ 4 ವರ್ಷದೊಳಗಿನವರಿಗೆ ಬೇಡ: ಲಾಭವಿಲ್ಲ, ಮಂಪರು, ಎದೆಬಡಿತ ಏರುವಂಥ ತೊಂದರೆ ಇದೆ. ಬಿಸಿನೀರಿನ ಪಾತ್ರೆಯ ಮುಂದೆ ಕೂರಿಸಿ ಆವಿ ಕೊಡುವುದೂ ಬೇಡ. ನೆಗಡಿ ವಾರದಲ್ಲಿ ಹೋದೀತು, ಸುಟ್ಟ ಗಾಯ ಹೋಗದು.

ಥರ್ಮಾಮೀಟರ್ ಹಿಡಿದು ಕೂರುವ ಬದಲು ಎರಡನ್ನು ಎಣಿಸಿದರು. ಒಂದು, ಉಸಿರು. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಮೇಲಿದ್ದರೆ ವೇಗದ ಉಸಿರು. ಎರಡು ತಿಂಗಳಿಂದ ಒಂದು ವರ್ಷದವರೆಗೆ ಆ ಗಡಿ 50. ಅಂಗಿ ಎತ್ತಿ ಹೊಟ್ಟೆಯ ಏರಿಳಿತ ನೋಡುತ್ತಾ ಪೂರ್ತಿ 60 ಸೆಕೆಂಡ್ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ, ಏಕೆಂದರೆ ಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಅತ್ತು ನಿಲ್ಲಿಸಿದ ಕೂಡಲೇ ಎಣಿಸಿದಾಗ 42 ಬಂತು, ಎಲ್ಲರ ಎದೆ ಧಸಕ್ಕೆಂದಿತು. ಇಪ್ಪತ್ತು ನಿಮಿಷದ ನಂತರ ನಿದ್ದೆಯಲ್ಲಿ 36. ಎದೆಗೂಡಿನ ಕೆಳಭಾಗ ಪ್ರತಿ ಉಸಿರಿಗೂ ಒಳಕ್ಕೆ ಸೆಳೆಯುತ್ತಿದ್ದರೆ, ಅಂದರೆ ಪಕ್ಕೆ ಸೆಳೆತವಿದ್ದರೆ, ಮತ್ತೆ ಎಣಿಸುತ್ತಾ ಕೂರದೆ ನೇರ ಆಸ್ಪತ್ರೆಗೆ ಹೊರಡಬೇಕು.

ಇನ್ನೊಂದು, ಮೂತ್ರ. ಡಯಾಪರ್ ಒದ್ದೆಯಾದದ್ದು 11ಕ್ಕೆ, 4.30ಕ್ಕೆ, ರಾತ್ರಿ 10ಕ್ಕೆ. ಅಂತರ ಐದೂವರೆ ಗಂಟೆ. ಎಂಟು ಗಂಟೆ ದಾಟಿದರೆ ವೈದ್ಯರಿಗೆ ಹೇಳಬೇಕಾದ ವಿಷಯ. ಒಂದೇ ಡಯಾಪರನ್ನು ಇಡೀ ದಿನ ಬಿಟ್ಟರೆ ಈ ಲೆಕ್ಕ ಸಿಗುವುದಿಲ್ಲ.

ಫಿಟ್ಸ್ ಬಂದರೆ ಎಂಬ ಹೆದರಿಕೆ ಅಪ್ಪನಿಗೆ ಗಂಟೆಗೊಮ್ಮೆ ಬರುತ್ತಿತ್ತು. ಆರು ತಿಂಗಳಿಂದ ಐದು ವರ್ಷದವರಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಜ್ವರದ ಫಿಟ್ಸ್ ಬರುವುದುಂಟು. ಸಿರಪ್ ಕೊಡುತ್ತಾ ಹೋದರೆ ಅದು ತಪ್ಪುತ್ತದೆ ಎಂಬುದು ನಿಜವಲ್ಲ. ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಬೇಗ ನಿಂತರೂ ಮೊದಲ ಸಲ ಬಂದದ್ದಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ರಾತ್ರಿ 9ಕ್ಕೆ 101.2. ಔಷಧವಿಲ್ಲದೆಯೂ ಮಗು 20 ನಿಮಿಷ ಆಡಿತು, ಮಲಗಿತು.

ಗೋಡೆಯ ಕಾಗದ

ಆ ಸಂಜೆಯೇ ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದರು. ಮೊಬೈಲಿನಲ್ಲಿ ಗುಂಪು ಮಾಡಿ ಬರೆಯೋಣವೆಂದು ಅಪ್ಪ ಹೇಳಿದ್ದರು. ಅಜ್ಜಿ ರಾತ್ರಿ ಕನ್ನಡಕ ಹಾಕಿ ಮೊಬೈಲ್ ತೆರೆಯುವವರಲ್ಲ. ನಿಯಮ ಮನೆಯಲ್ಲಿ ಎಲ್ಲರಿಗಿಂತ ಕಷ್ಟದಲ್ಲಿರುವವರಿಗೆ ಹೊಂದಬೇಕು. ದಪ್ಪ ಪೆನ್ನು ದಾರಕ್ಕೆ ಕಟ್ಟಿ ನೇತುಹಾಕಿದರು. ಪೆನ್ನು ಹುಡುಕಬೇಕಾದರೆ ಯಾರೂ ಬರೆಯುವುದಿಲ್ಲ. ಮೂರನೇ ದಿನದ ಬೆಳಗು ಅದರಲ್ಲಿ ಹೀಗಿದೆ:

7.00 — 100.2 — ಕುಡಿದದ್ದು 60 — ಮೂತ್ರ ಆಗಿದೆ — ಔಷಧ ಇಲ್ಲ
10.00 — 101.6 — ಅಳು, ಕುಡಿಯಲಿಲ್ಲ — 250ರದ್ದು 3 ಮಿ.ಲೀ. — ಅಮ್ಮ
10.10 — ವಾಂತಿ — ಮತ್ತೆ ಕೊಡಲಿಲ್ಲ

ಆ ಕೊನೆಯ ಸಾಲಿನ ಬಗ್ಗೆ ಎರಡು ಮಾತು. 15 ನಿಮಿಷದೊಳಗೆ ವಾಂತಿಯಾಗಿ ಸಿರಪ್ ಪೂರ್ತಿ ಹೊರಬಿದ್ದದ್ದು ಕಂಡರೆ ಒಂದು ಸಲ ಪುನಃ ಕೊಡುವವರಿದ್ದಾರೆ. ಅರ್ಧ ಗಂಟೆ ದಾಟಿದ್ದರೆ ಕೊಡಬಾರದು. ಹಿಂದಿನ ಲೆಕ್ಕ ಇದ್ದುದರಿಂದ ಈ ಮನೆಯವರು ಕೊಡಲೇ ಇಲ್ಲ, ಅದು ಒಳ್ಳೆಯ ತೀರ್ಮಾನ. ಸಂಶಯವಿದ್ದಾಗ ಒಂದು ಡೋಸ್ ತಪ್ಪಿದರೆ ನಷ್ಟ ಸ್ವಲ್ಪ ಸಂಕಟ, ಅಷ್ಟೇ.

ರಾತ್ರಿಯನ್ನೂ ಪಾಲು ಮಾಡಿಕೊಂಡರು. 9ರಿಂದ 2ರವರೆಗೆ ಅಪ್ಪ, 2ರಿಂದ 7ರವರೆಗೆ ಅಮ್ಮ. ಪಾಳಿಯಲ್ಲಿಲ್ಲದವರು ಬೇರೆ ಕೋಣೆಯಲ್ಲಿ ನಿದ್ದೆ ಮಾಡುವುದು. ಮೂವರೂ ಅರೆಎಚ್ಚರದಲ್ಲಿರುವುದಕ್ಕಿಂತ ಒಬ್ಬರು ಪೂರ್ತಿ ಎಚ್ಚರವಿರುವುದು ಕ್ಷೇಮ. ಅಜ್ಜಿಗೆ ಹಗಲು ಕುಡಿಸುವ ಕೆಲಸ, ಅದರಲ್ಲಿ ಅವರ ಕೈ ಮಿಕ್ಕವರಿಗಿಂತ ನಯ.

ಅಕ್ಕನ ಸರದಿ

ನಾಲ್ಕನೇ ದಿನ ಬೆಳಿಗ್ಗೆ ಮಗುವಿನ ಜ್ವರ ಬಿಟ್ಟಿತು. ಮೂರು ದಿನ ಕಳೆದೂ ಜ್ವರ ಇದ್ದಿದ್ದರೆ, ಅಥವಾ ಒಂದು ದಿನ ಬಿಟ್ಟು ಮತ್ತೆ ಬಂದಿದ್ದರೆ, ಕಿವಿ, ಎದೆ ಪರೀಕ್ಷೆಗೆ ಕರೆದೊಯ್ಯಬೇಕಿತ್ತು. ಮೂಗಿನ ನೀರು ದಪ್ಪಗೆ, ಹಸಿರಾಗತೊಡಗಿತು. ಆಂಟಿಬಯಾಟಿಕ್ ಬೇಕಲ್ಲವೇ ಎಂಬ ಮಾತು ಆಗ ಬಂತು. ಹಸಿರು ಬಣ್ಣ ಬರುವುದು ಸೋಂಕಿಗೆ ಎದುರು ನಿಂತ ಬಿಳಿ ರಕ್ತಕಣಗಳಿಂದ. ನೆಗಡಿಯ ಸಹಜ ಹಂತವದು.

ಅದೇ ಸಂಜೆ ಅಕ್ಕನಿಗೆ 101.8. ನೆಗಡಿ ಹತ್ತಿದ ಒಂದರಿಂದ ಮೂರು ದಿನದಲ್ಲಿ ಕಾಣಿಸಿಕೊಳ್ಳುತ್ತದೆ, ಲೆಕ್ಕಕ್ಕೆ ಸರಿಯಾಗಿಯೇ ಬಂದಿತ್ತು. ಅವಳ ತೂಕ 18 ಕಿಲೋ: 270 ಮಿ.ಗ್ರಾಂವರೆಗೆ ಕೊಡಬಹುದು. ಪೂರ್ಣಾಂಕಕ್ಕಿಳಿಸಿ 250ರದ್ದು 5 ಮಿ.ಲೀ. ಒಂದೇ ಬಾಟಲಿ, ಇಬ್ಬರು ಮಕ್ಕಳು, ಎರಡು ಅಳತೆ. ಹೊಸ ತಪ್ಪಿಗೆ ಜಾಗ ಸಿದ್ಧವಾಗಿತ್ತು. ಎರಡು ಸಿರಿಂಜ್ ಇಟ್ಟುಕೊಂಡರು: ಕೆಂಪು ಟೇಪ್ ಸುತ್ತಿದ್ದು ತಮ್ಮನಿಗೆ, 3ರ ಗೆರೆಯ ಮೇಲೆ ಗುರುತು, ನೀಲಿಯದು ಅಕ್ಕನಿಗೆ, ತುಂಬ ಎಳೆದರೆ 5. ಹಾಳೆಯೂ ಎರಡಾಯಿತು. ಮಿಶ್ರ ಸಿರಪ್ಪಿನ ಹಳೇ ಬಾಟಲಿ ಕಪಾಟಿನಿಂದ ಹೊರಗೆ ಹೋಯಿತು, 125ರದ್ದನ್ನು ಮತ್ತೆ ತರಲಿಲ್ಲ. ಇನ್ನು ಆ ಮನೆಯಲ್ಲಿ ಒಂದೇ ಸಾಂದ್ರತೆ.

ಸಿರಪ್ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಶಾಲೆಗೆ ಎಂದು ಇಟ್ಟುಕೊಂಡಿದ್ದರು. ಬೆಳಿಗ್ಗೆ ಸಿರಪ್ ಕುಡಿಸಿ ಜ್ವರ ಇಳಿಸಿ ಕಳಿಸಿದರೆ ಮಧ್ಯಾಹ್ನ ಫೋನ್ ಬರುತ್ತದೆ. ತಮ್ಮನ ಕೆಮ್ಮು ಹದಿನಾರನೇ ದಿನಕ್ಕೆ ನಿಂತಿತು. ಎರಡರಿಂದ ಮೂರು ವಾರ ಉಳಿಯುವುದು ಅದರ ಸ್ವಭಾವ. ರಾತ್ರಿಯ ಕೆಮ್ಮಿಗೆ ಮಲಗುವ ಮುಂಚೆ ಅರ್ಧ ಟೀ ಚಮಚ, ಅಂದರೆ 2.5 ಮಿ.ಲೀ. ಜೇನು ಕೊಟ್ಟರು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೂಬಾರದು, ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆಗೆ ದಾರಿ.

ಅಕ್ಕನ ಹಾಳೆಯ ಕೊನೆಯ ಸಾಲು ಆರನೇ ದಿನದ್ದು, ದೊಡ್ಡ ದೊಡ್ಡ ಅಕ್ಷರದಲ್ಲಿ, ಅಜ್ಜಿಯ ಕೈಬರಹ: 8.00 — 98.4 — ಔಷಧ ಕೊಟ್ಟಿಲ್ಲ, ಕೇಳಿದೆ.